ಪಾದದಡಿಯ ಮುದ್ರೆ

ಬೊಂಬೆಗಳನ್ನು ಸಂಗ್ರಹಿಸುವ ಹವ್ಯಾಸವುಳ್ಳವನ ಕೈಗೆ ಹೊಸದೊಂದು ಬೊಂಬೆಯನ್ನು ಕೊಟ್ಟರೆ ಅವನು ಮೊದಲು ಅದರ ಮುಖವನ್ನು ನೋಡುವನೆಂದು ಎಣಿಸುವುದು ಸಹಜ. ಆದರೆ ಅನೇಕ ವೇಳೆ ಅವನು ಅದನ್ನು ತಲೆಕೆಳಗು ಮಾಡಿ, ಅಂಗಾಲಿನಲ್ಲಿಯೋ ತೊಡೆಯ ಹಿಂಬದಿಯಲ್ಲಿಯೋ ಅತಿ ಸಣ್ಣ ಅಕ್ಷರಗಳಲ್ಲಿ ಉಬ್ಬಿ ನಿಂತಿರುವ ದೇಶದ ಹೆಸರನ್ನು ಓದಿಕೊಂಡು, ತರುವಾಯವೇ ಮುಖದ ಕಡೆಗೆ ದೃಷ್ಟಿ ಹೊರಳಿಸುತ್ತಾನೆ. ಆ ಹೆಸರು ಜಪಾನ್ ಎಂದಿದ್ದರೆ ಅವನಿಗೆ ಸಮಾಧಾನ; ಚೀನಾ ಎಂದಿದ್ದರೆ ಒಂದು ಬಗೆಯ ನಿರೀಕ್ಷಿತ ನಿರುತ್ಸಾಹ; ವಿಯೆಟ್ನಾಂ ಎಂದಿದ್ದರೆ, ಇನ್ನೂ ಪರಿಚಯವಾಗದ ನೆಂಟನನ್ನು ಕಂಡಾಗಿನ ಸಂಶಯ. ಬಳಿಕ ಪರೀಕ್ಷೆ ಮೊದಲಾಗುತ್ತದೆ: ಎರಡು ಕಣ್ಣುಗಳೂ ಒಂದೇ ದಿಕ್ಕಿಗೆ ನೋಡುತ್ತಿವೆಯೆ, ಕೂದಲಿನ ಬಣ್ಣ ಹಣೆಯ ಮೇಲೆ ಹರಿದಿದೆಯೆ, ಮಂಡಿಯ ಕೀಲು ದೇಹದ ಭಾರವನ್ನು ತಡೆದೀತೆ, ಕೈಯೊಳಗಿನ ಖಡ್ಗ ನೆಟ್ಟಗಿದೆಯೆ ಅಥವಾ ಬಾಡಿದ ಹುಲ್ಲುಗರಿಯಂತೆ ಬಾಗಿದೆಯೆ.

ಮಕ್ಕಳ ಆಟಿಕೆಗೆ ಇಷ್ಟೊಂದು ವಿಚಾರಣೆಯೇ ಎಂದು ನಗುವವರು ನಗಲಿ. ಬಾಲ್ಯದ ಒಂದು ಕಥಾನಾಯಕನನ್ನು ಮಧ್ಯವಯಸ್ಸಿನಲ್ಲಿ, ಸಂಬಳದ ಹಣದಿಂದ, ಒಂದು ವರ್ಷ ಮೊದಲೇ ಮುಂಗಡ ಕಟ್ಟಿ ತರಿಸಿಕೊಳ್ಳುವ ಮನುಷ್ಯನು, ಜಾಹೀರಾತಿನ ಚಿತ್ರದಲ್ಲಿ ತಾನು ಕಂಡ ಮುಖವೇ ಪೆಟ್ಟಿಗೆಯೊಳಗೂ ಇರಬೇಕೆಂದು ಬಯಸುವುದರಲ್ಲಿ ಅನ್ಯಾಯವೇನೂ ಇಲ್ಲ. ದೂರು ನಿಜವಾದದ್ದೇ, ಅದನ್ನು ಒಂದು ದೇಶದ ಹೆಸರಿಗೆ ಬರೆದು ಹಾಕುವ ಅಭ್ಯಾಸದಲ್ಲಿ ಮಾತ್ರ, ಈ ಕಸುಬಿನ ಇತಿಹಾಸವನ್ನು ಸ್ವಲ್ಪ ತಿರುವಿ ನೋಡಿದವನಿಗೆ, ವಿಚಾರಕ್ಕಿಂತ ರೂಢಿಯೇ ಹೆಚ್ಚಾಗಿ ಕಾಣುತ್ತದೆ.

ವಸ್ತುವಿನ ಮೇಲೆ ದೇಶದ ಹೆಸರನ್ನು ಕಡ್ಡಾಯವಾಗಿ ಬರೆಯಿಸುವ ಪದ್ಧತಿಯೇ ಒಂದು ತಾತ್ಸಾರದಿಂದ ಹುಟ್ಟಿದ್ದು. 1887ರಲ್ಲಿ ಬ್ರಿಟಿಷ್ ಸರಕಾರ ಸರಕುಗಳ ಮುದ್ರೆಯನ್ನು ಕುರಿತ ಕಾಯಿದೆಯೊಂದನ್ನು ತಂದಾಗ, ಜರ್ಮನಿಯಿಂದ ಬರುವ ಅಗ್ಗದ ಮಾಲು ಇಂಗ್ಲಿಷ್ ಮಾಲೆಂಬ ವೇಷದಲ್ಲಿ ಮಾರಾಟವಾಗದಂತೆ ತಡೆಯುವುದು ಅದರ ಮುಖ್ಯ ಉದ್ದೇಶಗಳಲ್ಲೊಂದಾಗಿತ್ತು. ಅವಮಾನದ ಗುರುತಾಗಲೆಂದು ಅಚ್ಚೊತ್ತಿಸಿದ ಆ ಜರ್ಮನಿಯ ಹೆಸರು ಕೆಲವೇ ದಶಕಗಳಲ್ಲಿ ಉತ್ತಮ ಕೆಲಸಗಾರಿಕೆಯ ಪ್ರಮಾಣಪತ್ರವಾಗಿ ಮಾರ್ಪಟ್ಟದ್ದು ಚರಿತ್ರೆಯ ವಿನೋದಗಳಲ್ಲೊಂದು. ಆಟಿಕೆಯ ಸೈನಿಕರ ವ್ಯಾಪಾರವೂ ಆಗ ಬಹುಮಟ್ಟಿಗೆ ಜರ್ಮನರ ಕೈಯಲ್ಲಿಯೇ ಇತ್ತು. 1893ರಲ್ಲಿ ಲಂಡನ್ನಿನ ವಿಲಿಯಂ ಬ್ರಿಟನ್ ಮನೆತನದವರು, ಕರಗಿದ ಸೀಸದ ಮಿಶ್ರಲೋಹವನ್ನು ಅಚ್ಚಿಗೆ ಹೊಯ್ದು, ಹೊರಪದರ ಮಾತ್ರ ಗಟ್ಟಿಯಾದೊಡನೆ ಉಳಿದ ದ್ರವವನ್ನು ಹೊರಕ್ಕೆ ಸುರಿದುಬಿಡುವ ಉಪಾಯವನ್ನು ರೂಢಿಗೆ ತಂದರು. ಒಳಗೆ ಟೊಳ್ಳಾದ ಆ ಸೈನಿಕನಿಗೆ ಲೋಹವೂ ಕಡಿಮೆ, ಸಾಗಣೆಯ ವೆಚ್ಚವೂ ಕಡಿಮೆ, ಆದ್ದರಿಂದ ಬೆಲೆಯೂ ಕಡಿಮೆ. ಇಂದು ಹರಾಜಿನ ಮಂದಿರಗಳಲ್ಲಿ ಗಾಜಿನ ಹಿಂದೆ ಪೂಜೆಗೊಳ್ಳುತ್ತಿರುವ ಬ್ರಿಟನ್ಸ್ ಸೈನಿಕರು ಹುಟ್ಟಿದ್ದು ಜರ್ಮನರ ಘನ ಎರಕದ ಬೊಂಬೆಗಳಿಗೆ ಅಗ್ಗದ ಪ್ರತಿಸ್ಪರ್ಧಿಗಳಾಗಿಯೇ ಎಂಬುದನ್ನು ಅವರ ಆರಾಧಕರು ಅಷ್ಟಾಗಿ ನೆನೆಯುವುದಿಲ್ಲ.

ಹೊರಗುತ್ತಿಗೆಯ ಮೇಲಿನ ಒಂದು ದೊಡ್ಡ ಅಸಮಾಧಾನವೂ ಇದೇ ಮನೆತನದ ವ್ಯವಹಾರದಲ್ಲಿ ಕಾಣಿಸಿಕೊಂಡಿತು. ಎರಡನೆಯ ಮಹಾಯುದ್ಧದ ತರುವಾಯ ಪ್ಲಾಸ್ಟಿಕ್ ಬಂದಾಗ, ರಾಯ್ ಸೆಲ್ವಿನ್-ಸ್ಮಿತ್ ಎಂಬ ನಿಪುಣ ಶಿಲ್ಪಿ ರೂಪಿಸಿದ ಹೆರಾಲ್ಡ್ ಮಾಲಿಕೆಯ ಬೊಂಬೆಗಳು ಬ್ರಿಟನ್ಸ್ ಕಂಪನಿಯ ವಶಕ್ಕೆ ಸೇರಿದುವು. ಅಂಗುಲ ಎರಡರ ಎತ್ತರದ ಆ ಕಾವಲುಗಾರರ, ಕುದುರೆ ಸವಾರರ ನಿಲುವಿನಲ್ಲಿದ್ದ ಜೀವಂತಿಕೆಯನ್ನು ಅದುವರೆಗಿನ ಸೀಸದ ಸೈನಿಕರಲ್ಲಿ ಕಾಣುವುದು ಕಷ್ಟ. 1966ರಲ್ಲಿ ಸೀಸದ ಬೊಂಬೆಗಳ ತಯಾರಿಕೆ ನಿಂತುಹೋಯಿತು; ಹೆರಾಲ್ಡ್ ಬೊಂಬೆಗಳ ತಯಾರಿಕೆ ಹಾಂಗ್‌ಕಾಂಗಿಗೆ ಹೋಯಿತು. ಅಂದಿನಿಂದ ಇಂದಿನವರೆಗೂ ಸಂಗ್ರಾಹಕರು ಪೀಠದ ಅಡಿಯನ್ನು ತಿರುಗಿಸಿ ಇಂಗ್ಲೆಂಡ್ ಎಂಬ ಅಕ್ಷರಗಳಿದ್ದರೆ ಒಂದು ಬೆಲೆ, ಹಾಂಗ್‌ಕಾಂಗ್ ಎಂದಿದ್ದರೆ ಅದಕ್ಕಿಂತ ಕೆಳಗಿನ ಇನ್ನೊಂದು ಬೆಲೆ ಕಟ್ಟುತ್ತಾರೆ. ಎರಡನ್ನೂ ಜೊತೆಗಿಟ್ಟು ನೋಡಿದರೆ ಅವರ ಮಾತು ಸುಳ್ಳಲ್ಲವೆಂದು ಒಪ್ಪಲೇಬೇಕಾಗುತ್ತದೆ: ಹೊಸದರಲ್ಲಿ ಮುಖದ ರೇಖೆಗಳು ಮಂಕಾಗಿವೆ, ಬಣ್ಣದ ಸಂಖ್ಯೆ ಇಳಿದಿದೆ, ಗುಂಡಿಗಳೂ ಪಟ್ಟಿಗಳೂ ಸೂಚನೆಮಾತ್ರವಾಗಿ ಉಳಿದಿವೆ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಇಂಗ್ಲೆಂಡಿನಲ್ಲಿ ತಯಾರಾಗುತ್ತಿದ್ದಾಗಲೂ ಆ ಬೊಂಬೆಗಳಿಗೆ ಬಣ್ಣ ಹಾಕುವ ಕೆಲಸದ ಗಣನೀಯ ಪಾಲು ಕಾರ್ಖಾನೆಯ ಗೋಡೆಗಳ ಒಳಗೆ ನಡೆಯುತ್ತಿರಲಿಲ್ಲ. ಸುತ್ತಣ ಬೀದಿಗಳ ಗೃಹಿಣಿಯರು, ಬೊಂಬೆಗಳನ್ನು ಮನೆಗೆ ಒಯ್ದು, ಅಡಿಗೆಮನೆಯ ಮೇಜಿನ ಮೇಲೆ ಹರವಿಕೊಂಡು, ತುಂಡಿಗೆ ಇಷ್ಟೆಂಬ ಕೂಲಿಗೆ ಕುಂಚವಾಡಿಸುತ್ತಿದ್ದರು. ಅಂದರೆ ಹೊರಗುತ್ತಿಗೆ ಎಂಬುದು ಹಾಂಗ್‌ಕಾಂಗಿನಲ್ಲಿ ಹುಟ್ಟಿದ್ದಲ್ಲ. ಮೊದಲು ಅದು ಪಕ್ಕದ ಬೀದಿಯಲ್ಲಿತ್ತು, ಆಮೇಲೆ ಸಮುದ್ರದಾಚೆಗೆ ಹೋಯಿತು. ವ್ಯತ್ಯಾಸವೇನೆಂದರೆ ಪಕ್ಕದ ಬೀದಿಯ ಹೆಂಗಸು ಕೆಟ್ಟ ಮುಖ ಬರೆದರೆ ವಾರದೊಳಗೆ ಮೇಸ್ತ್ರಿಯ ಕಣ್ಣಿಗೆ ಬೀಳುತ್ತಿತ್ತು. ಸಮುದ್ರದಾಚೆಯ ತಪ್ಪು ಹಡಗು ಬಂದು ಸೇರುವವರೆಗೆ ತಿಳಿಯುತ್ತಿರಲಿಲ್ಲ, ತಿಳಿಯುವ ಹೊತ್ತಿಗೆ ಸಾವಿರಾರು ಮುಖಗಳು ಬರೆದು ಮುಗಿದಿರುತ್ತಿದ್ದುವು.

ಕಾಲದ ಪರೀಕ್ಷೆಯಲ್ಲಿ ಈ ಮೇಲು ಕೀಳುಗಳು ಇನ್ನಷ್ಟು ತೊಡಕಾಗುತ್ತವೆ. ಸಂಗ್ರಾಹಕರು ತಲೆಯ ಮೇಲಿಟ್ಟುಕೊಳ್ಳುವ ಹಳೆಯ ಇಂಗ್ಲಿಷ್ ಹೆರಾಲ್ಡ್ ಬೊಂಬೆಗಳಲ್ಲಿ ಎಷ್ಟೋ ಇಂದು ಬೆರಳು ತಾಗಿದರೆ ಬಂದೂಕು ಮುರಿಯುವಷ್ಟು ಪೆಡಸಾಗಿವೆ. ಲಿವರ್‌ಪೂಲಿನ ಮೆಕ್ಯಾನೋ ಕಂಪನಿಯು ಯುದ್ಧಕ್ಕೆ ಮುಂಚೆ ತಯಾರಿಸಿದ ಡಿಂಕಿ ಮೋಟಾರುಗಳ ಅವಸ್ಥೆ ಇದಕ್ಕಿಂತ ಕರುಣಾಜನಕ: ಸತುವಿನ ಮಿಶ್ರಲೋಹಕ್ಕೆ ಅಲ್ಪಪ್ರಮಾಣದಲ್ಲಿ ಸೇರಿದ ಸೀಸದ ಕಲ್ಮಶ, ಲೋಹದ ಹರಳುಗಳ ಸಂದಿನಲ್ಲಿ ತೇವದ ನೆರವಿನಿಂದ ಮೆಲ್ಲನೆ ಕೆಲಸಮಾಡಿ, ಪೆಟ್ಟಿಗೆಯಿಂದ ಹೊರಗೆ ತೆಗೆಯದ ಮೋಟಾರನ್ನೂ ಉಬ್ಬಿಸಿ, ಬಿರಿಯಿಸಿ, ಕೊನೆಗೆ ಪುಡಿಗಟ್ಟಿಸುತ್ತದೆ. ಜಪಾನಿನ ಸರದಿಯೂ ತಪ್ಪಿಲ್ಲ. ಟಕಾರಾ ಕಂಪನಿಯ ರೂಪಾಂತರಗೊಳ್ಳುವ ಯಂತ್ರಮಾನವರಲ್ಲಿ, 1980ರ ದಶಕದ ಕೊನೆಯಿಂದ ಮುಂದೆ ಬಳಸಿದ ಒಂದು ಬಗೆಯ ಚಿನ್ನದ ಹೊಳಪಿನ ಪ್ಲಾಸ್ಟಿಕ್, ಅದರೊಳಗಿನ ಮಿನುಗುಕಣಗಳ ಕಾರಣದಿಂದ ಒಳಗೊಳಗೇ ದುರ್ಬಲವಾಗಿ, ವರ್ಷಗಳ ಮೇಲೆ ಕೀಲನ್ನು ಒಮ್ಮೆ ತಿರುಗಿಸಿದೊಡನೆ ಚೂರಾಗುತ್ತದೆ. 1959ರಲ್ಲಿ ಲೋಕಕ್ಕೆ ಬಂದ ಬಾರ್ಬಿ ಮೊದಮೊದಲು ತಯಾರಾದದ್ದು ಜಪಾನಿನಲ್ಲಿಯೇ. ಆ ಕಾಲದ ಬೊಂಬೆಗಳ ಕಿವಿಯೋಲೆಯ ಲೋಹ ಮೆತುವಾದ ಪಿವಿಸಿಯೊಡನೆ ವರ್ತಿಸಿ ಕಿವಿಯ ಸುತ್ತ ಹಸಿರು ಹಬ್ಬಿಸುವ ರೋಗಕ್ಕೆ ಸಂಗ್ರಾಹಕರಲ್ಲಿ ಪ್ರತ್ಯೇಕವಾದ ಹೆಸರೇ ಉಂಟು. ಈ ಯಾವುದರಲ್ಲಿಯೂ ಅಗ್ಗದ ಕೂಲಿಯ ಕೈವಾಡವಿಲ್ಲ. ವಸ್ತುವನ್ನು ಆರಿಸಿದವನ ಅಜ್ಞಾನವುಂಟು. ಕೆಲವೆಡೆ, ಆ ಕಾಲದ ರಸಾಯನಶಾಸ್ತ್ರದ ಮಿತಿ ಮಾತ್ರವೇ ಉಂಟು.

ಹಾಗಾದರೆ ಹೊಸ ಬೊಂಬೆಯ ವಾರೆಗಣ್ಣಿಗೆ ಕಾರಣವೇನು? ಇದನ್ನು ತಿಳಿಯಬೇಕಾದರೆ ಬೊಂಬೆ ಹುಟ್ಟುವ ರೀತಿಯನ್ನು ಕೊಂಚ ಸಾವಧಾನವಾಗಿ ನೋಡಬೇಕು. ಶಿಲ್ಪಿಯು ಹಿಂದೆ ಜೇಡಿಯಲ್ಲಿಯೋ ಮೇಣದಲ್ಲಿಯೋ, ಈಗ ಹೆಚ್ಚಾಗಿ ಕಂಪ್ಯೂಟರಿನಲ್ಲಿ, ರೂಪಿಸಿದ ಮೂಲಾಕೃತಿಯಿಂದ ಉಕ್ಕಿನ ಅಚ್ಚುಗಳನ್ನು ಕೊರೆಯುತ್ತಾರೆ. ಇಡೀ ವ್ಯವಹಾರದಲ್ಲಿ ಅತ್ಯಂತ ವೆಚ್ಚದ ಅಂಗವೆಂದರೆ ಈ ಅಚ್ಚುಗಳೇ. ಅವು ಸಾಮಾನ್ಯವಾಗಿ ಹೆಸರುಳ್ಳ ಕಂಪನಿಯ ಸ್ವತ್ತು. ಅವುಗಳನ್ನು ಯಂತ್ರಕ್ಕೇರಿಸುವ ಕಾರ್ಖಾನೆಯು ಗುತ್ತಿಗೆದಾರ ಮಾತ್ರ. ಕರಗಿದ ಪ್ಲಾಸ್ಟಿಕ್ಕನ್ನು ಒತ್ತಡದಿಂದ ಅಚ್ಚಿನೊಳಕ್ಕೆ ನುಗ್ಗಿಸಿ, ತಣ್ಣಗಾಗುವವರೆಗೆ ಕಾದು, ಹೊರತೆಗೆಯುತ್ತಾರೆ. ಈ ಕಾಯುವಿಕೆಯ ಅವಧಿ ಸೆಕೆಂಡುಗಳಲ್ಲಿ ಲೆಕ್ಕಕ್ಕೆ ಬರುವಂಥದು. ಆದರೆ ಲಕ್ಷಗಟ್ಟಲೆ ತುಂಡುಗಳ ಗುತ್ತಿಗೆಯಲ್ಲಿ ಒಂದೊಂದು ಸೆಕೆಂಡಿಗೂ ಬೆಲೆಯುಂಟಾದ್ದರಿಂದ, ಬೇಗ ಮುಗಿಸಬೇಕೆಂಬ ಒತ್ತಾಯವಿರುವಲ್ಲಿ ಮೊದಲು ಕತ್ತರಿ ಬೀಳುವುದು ಇಲ್ಲಿಯೇ. ಪೂರ್ತಿ ಆರದ ತೆಳು ಖಡ್ಗವೋ ಕಾಲೋ ತನ್ನ ಪಾಡಿಗೆ ತಾನು ಬಾಗಿ ಹಾಗೆಯೇ ಗಟ್ಟಿಯಾಗುತ್ತದೆ. ಅಚ್ಚು ಸವೆಯುತ್ತ ಬಂದಂತೆ ಎರಡು ಹೋಳುಗಳ ನಡುವೆ ಕೂದಲೆಳೆಯಷ್ಟು ಸಂದು ಬಿದ್ದು, ಬೊಂಬೆಯ ಪಕ್ಕೆಯುದ್ದಕ್ಕೂ ಒಂದು ತೆಳುವಾದ ಅಂಚು ಎದ್ದುಬರುತ್ತದೆ; ಕೀಲಿನ ಗುಂಡೂ ಗುಳಿಯೂ ತಮ್ಮ ಅಳತೆಯ ಹೊಂದಾಣಿಕೆಯನ್ನು ಕಳೆದುಕೊಂಡು, ಒಂದು ಬೊಂಬೆಯ ತೋಳು ಜೋತುಬಿದ್ದರೆ ಇನ್ನೊಂದರದು ತಿರುಗದೆ ತಿರುಚಿಕೊಳ್ಳುತ್ತದೆ.

ಬಣ್ಣದ ಕಥೆ ಇದಕ್ಕಿಂತ ಸೂಕ್ಷ್ಮವಾದದ್ದು. ಬೊಂಬೆಯ ಮುಖಕ್ಕೆ ಸರಿಯಾಗಿ ಹೊಂದುವಂತೆ ಮಾಡಿದ ಲೋಹದ ತೆಳು ಮುಸುಕೊಂದನ್ನು ಅದರ ಮೇಲೆ ಕೂಡಿಸಿ, ಬಣ್ಣ ಬೇಕಾದ ಕಡೆ ಮಾತ್ರ ಬಿಟ್ಟ ಕಿಂಡಿಯ ಮೂಲಕ ಸ್ಪ್ರೇ ಗನ್ನಿನಿಂದ ಊದುತ್ತಾರೆ. ಕೂದಲಿಗೆ ಒಂದು ಮುಸುಕು, ತುಟಿಗೆ ಇನ್ನೊಂದು, ಕವಚದ ಅಂಚಿಗೆ ಮತ್ತೊಂದು. ಮುಸುಕನ್ನು ಆಗಾಗ ತೊಳೆಯದಿದ್ದರೆ ಕಿಂಡಿಯಲ್ಲಿ ಬಣ್ಣ ಕಟ್ಟಿಕೊಂಡು ಗೆರೆ ಒರಟಾಗುತ್ತದೆ. ಅರೆ ಮಿಲಿಮೀಟರು ಜಾರಿದರೆ ಹುಬ್ಬು ಹಣೆಯೇರುತ್ತದೆ. ಕಣ್ಣನ್ನು ಮಾತ್ರ ಹೀಗೆ ಊದಲಾಗದೆ, ಬಣ್ಣದ ಚಿತ್ರವನ್ನು ಮೆತ್ತನೆಯ ಸಿಲಿಕೋನ್ ಗುಂಡೊಂದರ ಮೇಲೆ ಎತ್ತಿಕೊಂಡು ಮುಖದ ಮೇಲೆ ಒತ್ತುತ್ತಾರೆ. ಬಿಳಿಗೆ ಒಂದು ಒತ್ತು, ಕಂದಿಗೆ ಒಂದು, ಕರಿಗೆ ಒಂದು. ಆರು ಅಂಗುಲದ ಬೊಂಬೆಯ ಕಣ್ಣು ಎಷ್ಟಗಲವಿದ್ದೀತೆಂದು ಊಹಿಸಿದರೆ, ವಾರೆಗಣ್ಣು ಆಶ್ಚರ್ಯವೆನಿಸುವುದಿಲ್ಲ, ನೆಟ್ಟಗಿರುವ ಕಣ್ಣೇ ಆಶ್ಚರ್ಯವೆನಿಸುತ್ತದೆ. 2017ರ ಸುಮಾರಿಗೆ ಹಾಸ್‌ಬ್ರೋ ಕಂಪನಿಯು ನಟರ ಮುಖಗಳನ್ನು ಯಂತ್ರದಿಂದಲೇ ನೇರವಾಗಿ ಮುದ್ರಿಸುವ ಕ್ರಮಕ್ಕೆ ತೊಡಗಿದ ಮೇಲೆ, ಅದೇ ಚೀನಾ ದೇಶದ ಕಾರ್ಖಾನೆಗಳಿಂದ ಬಂದ ಮುಖಗಳು ಒಮ್ಮೆಲೇ ಸುಧಾರಿಸಿದುವು. ದೇಶ ಬದಲಾಗಲಿಲ್ಲ, ಸಲಕರಣೆ ಬದಲಾಯಿತು.

ಮುಖ್ಯವಾದ ಮಾತೆಂದರೆ, ಒಂದೊಂದು ಬಣ್ಣವನ್ನು ಹಚ್ಚುವ ಒಂದೊಂದು ಕ್ರಿಯೆಗೂ ಇಷ್ಟು ಹಣವೆಂದು ಲೆಕ್ಕ ಕಟ್ಟಿ ಗುತ್ತಿಗೆಯನ್ನು ಬರೆಯುತ್ತಾರೆ. ಸಂಗ್ರಾಹಕರು ಪೇಂಟ್ ಆಪ್ಸ್ ಎಂದು ಕರೆಯುವುದು ಇದನ್ನೇ. ಮಾರಾಟದ ಬೆಲೆ ಏರಬಾರದು, ಪ್ಲಾಸ್ಟಿಕ್ಕಿನ ಬೆಲೆ ಏರಿದೆ, ಕೂಲಿ ಏರಿದೆ ಎಂದಾಗ ದೂರದ ಪ್ರಧಾನ ಕಚೇರಿಯಲ್ಲಿ ಯಾರೋ ಒಬ್ಬರು ಪಟ್ಟಿಯಲ್ಲಿ ನಾಲ್ಕು ಬಣ್ಣಗಳನ್ನು ಹೊಡೆದುಹಾಕುತ್ತಾರೆ. ಬೂಟಿನ ಬಕ್ಕಲು ಬೂಟಿನ ಬಣ್ಣದಲ್ಲಿಯೇ ಉಳಿದುಬಿಡುತ್ತದೆ. ಜಾಹೀರಾತಿನ ಚಿತ್ರದಲ್ಲಿ ತೋರಿಸಿದ್ದಾದರೋ ನುರಿತ ಕಲಾವಿದನು ದಿನಗಟ್ಟಲೆ ಕೂತು ಕುಂಚದಿಂದ ಬರೆದ ಒಂದೇ ಒಂದು ಮಾದರಿ. ಆ ಮಾದರಿಗೂ ಪೆಟ್ಟಿಗೆಯೊಳಗಿನ ಬೊಂಬೆಗೂ ನಡುವಿನ ಅಂತರವನ್ನು ಸಂಗ್ರಾಹಕನು ಕಾರ್ಖಾನೆಯ ಕೆಲಸಗಾರಳ ಅಲಕ್ಷ್ಯವೆಂದು ಬಗೆಯುತ್ತಾನೆ. ಅಲಕ್ಷ್ಯವೂ ಇರಬಹುದು, ಇಲ್ಲವೆನ್ನಲಾರೆ. ಚೀನೀ ಹೊಸವರ್ಷಕ್ಕೆ ಊರಿಗೆ ಹೋದ ಹುಡುಗಿಯರಲ್ಲಿ ಅನೇಕರು ಮರಳಿ ಬರದೆ, ಹೊಸ ಕೈಗಳಿಗೆ ಕೆಲಸ ಕಲಿಸುತ್ತಲೇ ಗುತ್ತಿಗೆ ಮುಗಿಸಬೇಕಾಗುವ ತಿಂಗಳುಗಳು ಗ್ವಾಂಗ್‌ಡಾಂಗ್ ಪ್ರಾಂತದ ಕಾರ್ಖಾನೆಗಳಿಗೆ ಚೆನ್ನಾಗಿ ಗೊತ್ತು. ಆದರೂ ತಪಾಸಣೆಯಲ್ಲಿ ಎಷ್ಟು ದೋಷವನ್ನು ಸಹಿಸಬಹುದೆಂಬ ಮಿತಿಯನ್ನು ಒಪ್ಪಂದದಲ್ಲಿ ಬರೆಯಿಸುವವನು ಕೊಳ್ಳುವ ಕಂಪನಿಯೇ ಹೊರತು ಆ ಹುಡುಗಿಯಲ್ಲ.

2007ರ ಪ್ರಕರಣ ಇದಕ್ಕೆ ಲೋಕಪ್ರಸಿದ್ಧವಾದ ದೃಷ್ಟಾಂತ. ಆ ವರ್ಷದ ಆಗಸ್ಟಿನಲ್ಲಿ ಮ್ಯಾಟೆಲ್ ಕಂಪನಿಯು ಬಣ್ಣದಲ್ಲಿ ಸೀಸದ ಅಂಶ ಮಿತಿಮೀರಿತ್ತೆಂಬ ಕಾರಣದಿಂದ ಸುಮಾರು 15 ಲಕ್ಷ ಆಟಿಕೆಗಳನ್ನು ಹಿಂದಕ್ಕೆ ಕರೆಸಿಕೊಂಡಿತು. ಅವುಗಳನ್ನು ತಯಾರಿಸಿದ ಫೋಶಾನ್ ನಗರದ ಲೀ ಡರ್ ಕಾರ್ಖಾನೆ ಬಣ್ಣವನ್ನು ಹೊರಗಿನವರೊಬ್ಬರಿಂದ ತರಿಸಿತ್ತು. ಅಪವಾದವನ್ನು ತಾಳಲಾರದೆ ಅದರ ಒಡೆಯರಲ್ಲೊಬ್ಬನು ಪ್ರಾಣ ಕಳೆದುಕೊಂಡ. ಕೆಲವೇ ದಿನಗಳಲ್ಲಿ ಇನ್ನೊಂದು ಹಿಂಪಡೆತ ಬಂತು: ಸಿನಿಮಾದ ಜೀಪಿನ ಪಾತ್ರವೊಂದರ 4 ಲಕ್ಷಕ್ಕೂ ಮಿಕ್ಕ ಬೊಂಬೆಗಳು ಸೀಸದ ಕಾರಣದಿಂದ, ಅವುಗಳ ಜೊತೆಗೆ, ಸಣ್ಣ ಅಯಸ್ಕಾಂತಗಳು ಕಳಚಿ ಮಕ್ಕಳ ಹೊಟ್ಟೆ ಸೇರುವ ಅಪಾಯವಿದ್ದ 1 ಕೋಟಿ 82 ಲಕ್ಷ ಆಟಿಕೆಗಳು. ಲೋಕವೆಲ್ಲ ಚೀನಾದ ಕಡೆಗೆ ಬೆರಳು ತೋರಿಸಿತು. ಆದರೆ ಜೀಪಿನ ಪ್ರಕರಣದಲ್ಲಿ ಗುತ್ತಿಗೆದಾರನು ಬಣ್ಣದ ಕೆಲಸವನ್ನು ಮತ್ತೊಬ್ಬ ಒಳಗುತ್ತಿಗೆದಾರನಿಗೆ ದಾಟಿಸಿದ್ದನು. ಸಂಖ್ಯೆಯಲ್ಲಿ ಎಷ್ಟೋ ಪಾಲು ದೊಡ್ಡದಾದ ಅಯಸ್ಕಾಂತದ ಪ್ರಕರಣದಲ್ಲಂತೂ ಕಾರ್ಖಾನೆಗಳು ಮ್ಯಾಟೆಲ್ ಕೊಟ್ಟ ನಕ್ಷೆಯ ಪ್ರಕಾರವೇ ಆಟಿಕೆಗಳನ್ನು ಮಾಡಿದ್ದವು. ಸೆಪ್ಟೆಂಬರಿನಲ್ಲಿ ಮ್ಯಾಟೆಲ್ಲಿನ ಹಿರಿಯ ಅಧಿಕಾರಿಯೊಬ್ಬರು ಬೀಜಿಂಗಿಗೆ ಹೋಗಿ, ಆ ದೋಷ ತಮ್ಮ ವಿನ್ಯಾಸದ್ದೆಂದು ಒಪ್ಪಿ ಕ್ಷಮೆ ಕೇಳಿದರು. ಈ ಕ್ಷಮಾಯಾಚನೆ ಹಿಂಪಡೆತದಷ್ಟು ಪ್ರಚಾರ ಪಡೆಯಲಿಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಲೀಗೋ ಕಂಪನಿಯ ಅನುಭವವೂ ನೆನಪಿಗೆ ಬರುತ್ತದೆ. ಇಟ್ಟಿಗೆಯೊಂದಕ್ಕೆ ಇನ್ನೊಂದು ಕಚ್ಚಿಕೊಳ್ಳಬೇಕಾದರೆ ಅಳತೆ ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು ನಿಖರವಾಗಿರಬೇಕಾದ ಈ ಡೆನ್ಮಾರ್ಕಿನ ಆಟಿಕೆಯ ತಯಾರಿಕೆಯ ದೊಡ್ಡ ಭಾಗವನ್ನು, ಕಂಪನಿ ಕಷ್ಟದಲ್ಲಿದ್ದಾಗ, 2006ರಲ್ಲಿ ಫ್ಲೆಕ್ಸ್‌ಟ್ರಾನಿಕ್ಸ್ ಎಂಬ ವಿದ್ಯುನ್ಮಾನ ಉಪಕರಣಗಳ ಗುತ್ತಿಗೆದಾರರಿಗೆ ಒಪ್ಪಿಸಲಾಯಿತು. 2008ರಲ್ಲಿಯೇ ಆ ಒಪ್ಪಂದವನ್ನು ಮುರಿದು, ಕಾರ್ಖಾನೆಗಳನ್ನು ಮತ್ತೆ ಸ್ವಂತ ಆಡಳಿತಕ್ಕೆ ತೆಗೆದುಕೊಂಡರು. ತರುವಾಯ 2010ರಲ್ಲಿ ಬಿಡಿಬಿಡಿಯಾಗಿ ಮಾರುವ ಪುಟ್ಟ ಮನುಷ್ಯಾಕೃತಿಗಳ ಮಾಲಿಕೆ ಚೀನಾದಲ್ಲಿ ತಯಾರಾಗಿ ಬಂದಾಗ, ಪ್ಲಾಸ್ಟಿಕ್ ಮೆದುವಾಗಿದೆ, ಬೆಳಕಿಗೆ ಹಿಡಿದರೆ ಅರೆಪಾರದರ್ಶಕವಾಗಿ ಕಾಣುತ್ತದೆ ಎಂದು ಸಂಗ್ರಾಹಕರು ಗೊಣಗಿದರು, ಅದರಲ್ಲಿ ಹುರುಳಿತ್ತು. 2016ರಲ್ಲಿ ಅದೇ ಕಂಪನಿ ಅದೇ ಚೀನಾದ ಜಿಯಾಶಿಂಗ್ ನಗರದಲ್ಲಿ ತನ್ನದೇ ಕಾರ್ಖಾನೆಯನ್ನು ತೆರೆಯಿತು. ಜಪಾನಿನಲ್ಲಿ ಇದಕ್ಕೆ ಬೇರೆಯ ಉತ್ತರ ಹುಡುಕಿದವರಿದ್ದಾರೆ: ಗುಡ್ ಸ್ಮೈಲ್ ಕಂಪನಿಯು 2010ರ ದಶಕದ ಮಧ್ಯಭಾಗದಲ್ಲಿ ತೊತ್ತೋರಿ ಪ್ರಾಂತದ ಕುರಾಯೋಶಿಯಲ್ಲಿ ಒಂದು ಕಾರ್ಖಾನೆಯನ್ನು ಕಟ್ಟಿ ಕೆಲಸದ ಒಂದು ಪಾಲನ್ನು ಸ್ವದೇಶಕ್ಕೆ ತಂದಿತು, ಬಂಡಾಯ್ ಕಂಪನಿಯಂತೂ ತನ್ನ ಗುಂಡಮ್ ಜೋಡಣೆಯ ಮಾದರಿಗಳನ್ನು ಶಿಜುವೋಕಾದಲ್ಲಿಯೇ ಮಾಡುತ್ತ ಬಂದಿದೆ. ಆದರೆ ಜೋಡಣೆಯ ಮಾದರಿಗೆ ಬಣ್ಣ ಹಚ್ಚುವವನು ಕೊಂಡವನೇ ಆದ್ದರಿಂದ, ಕೂಲಿಯ ಪ್ರಶ್ನೆಯೇ ಅಲ್ಲಿ ಅರ್ಧ ಕರಗಿಹೋಗುತ್ತದೆ.

ಕಾನೂನಿನ ನೆರವು ಈ ದೂರಿಗೆ ದೊರೆಯುವಂಥದಲ್ಲ. 2007ರ ಗದ್ದಲದ ಫಲವಾಗಿ ಮರುವರ್ಷ ಅಮೆರಿಕದಲ್ಲಿ ಬಂದ ಕಾಯಿದೆ ಬಣ್ಣದಲ್ಲಿನ ಸೀಸದ ಮಿತಿಯನ್ನು ಹತ್ತು ಲಕ್ಷ ಭಾಗಗಳಲ್ಲಿ 600ರಿಂದ 90ಕ್ಕೆ ಇಳಿಸಿತು. ನಮ್ಮಲ್ಲಿಯೂ 2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್‌ಐ ಮುದ್ರೆ ಕಡ್ಡಾಯವಾಗಿದೆ. ವಿಷ, ಚೂಪು, ಬೆಂಕಿ, ನುಂಗುವ ಅಪಾಯ ಇವನ್ನು ಕಾನೂನು ಅಳೆಯಬಲ್ಲದು. ವಾರೆಗಣ್ಣನ್ನು ಅಳೆಯಲಾರದು, ಅಳೆಯಬೇಕೆಂದು ನಾನೂ ಬಯಸೆನು. ಹತ್ತು ಪಟ್ಟು ಬೆಲೆ ತೆತ್ತು ವಯಸ್ಕರ ಸಂಗ್ರಹಕ್ಕೆಂದೇ ಮಾರಿದ ಬೊಂಬೆಯನ್ನು ಕೊಂಡವನಿಗೆ ದೋಷವಿರುವ ಅಂಗವನ್ನು ಬದಲಿಸಿಕೊಡುವುದು ಮಾರಿದವನ ಧರ್ಮವೆಂದು ಮಾತ್ರ ಖಂಡಿತವಾಗಿ ಹೇಳಬಹುದು. ಮಕ್ಕಳ ಆಟಿಕೆಯ ಬೆಲೆಗೆ ಕೊಂಡವನು ಆ ಹಕ್ಕನ್ನು ಅದೇ ಗಟ್ಟಿತನದಿಂದ ಸಾಧಿಸಲಾರ.

ಇಷ್ಟು ಕಟ್ಟುನಿಟ್ಟಿನ ಸಂಗ್ರಾಹಕರ ಪ್ರೇಮ ಎಲ್ಲಿ ಹೇಗೆ ತಿರುಗುವುದೆಂಬುದಕ್ಕೆ ನಮ್ಮ ದೇಶದಿಂದಲೇ ಒಂದು ಉದಾಹರಣೆ ಕೊಡಬಹುದು. ಎಂಆರ್‌ಎಫ್ ಸಂಸ್ಥೆ 1987ರಲ್ಲಿ ಆರಂಭಿಸಿದ ಫನ್‌ಸ್ಕೂಲ್ ಕಂಪನಿಯು, ಹಾಸ್‌ಬ್ರೋದಿಂದ ಬಂದ ಅಚ್ಚುಗಳಲ್ಲಿ ಜಿ.ಐ. ಜೋ ಸೈನಿಕರನ್ನು ತಯಾರಿಸುತ್ತಿತ್ತು. ಅಂಗುಲ ಮೂರೂ ಮುಕ್ಕಾಲಿನ ಆ ಬೊಂಬೆಗಳ ಸೊಂಟವನ್ನು ಒಳಗಿನ ಒಂದು ರಬ್ಬರ್ ಉಂಗುರ ಹಿಡಿದಿರುತ್ತಿತ್ತು; ಅದು ಸವೆದ ದಿನ ಸೈನಿಕನು ಎರಡಾಗಿ ಬೀಳುವುದನ್ನು ತೊಂಬತ್ತರ ದಶಕದ ಬೆಂಗಳೂರಿನ, ಹುಬ್ಬಳ್ಳಿಯ ಎಷ್ಟೋ ಹುಡುಗರು ಕಂಡಿದ್ದಾರೆ. ಅಮೆರಿಕದಲ್ಲಿ ಈ ಮಾಲಿಕೆ 1994ರಲ್ಲಿ ನಿಂತ ಮೇಲೂ ಇಲ್ಲಿ ಅದು ಮುಂದುವರಿಯಿತು. ಅಮೆರಿಕದ ಮೂಲಕ್ಕೆ ಹೋಲಿಸಿದರೆ ಬಣ್ಣಗಳು ಬೇರೆ, ಹಚ್ಚಿದ ಕೈ ಒರಟು, ಪ್ಲಾಸ್ಟಿಕ್ಕಿನ ಗುಣ ಬೇರೆ. ಹಸಿರಿರಬೇಕಾದಲ್ಲಿ ಕೆಲವೊಮ್ಮೆ ಯಾರೂ ಎಣಿಸದ ಬಣ್ಣ. ಇವೇ ಲಕ್ಷಣಗಳಿಗಾಗಿ ಅಮೆರಿಕದ ಸಂಗ್ರಾಹಕರು ಅವನ್ನು ಹುಡುಕಿ ತರಿಸಿಕೊಂಡರು, ಈಗಲೂ ಹುಡುಕುತ್ತಾರೆ. ಸ್ಟಾರ್ ವಾರ್ಸ್ ಸಿನಿಮಾದ ಹಳೆಯ ಕೆನ್ನರ್ ಬೊಂಬೆಗಳನ್ನು ಕೂಡಿಡುವವರಂತೂ ಒಂದೇ ಪಾತ್ರದ ಹಾಂಗ್‌ಕಾಂಗ್, ತೈವಾನ್, ಮಕಾವ್ ಮುದ್ರೆಗಳನ್ನೆಲ್ಲ ಬೇರೆಬೇರೆಯಾಗಿ ಸಂಪಾದಿಸಿ, ಕಾಲಿನ ಹಿಂದಿನ ಅಕ್ಷರಗಳ ಸ್ಥಾನಭೇದವನ್ನು ಪಾಠಾಂತರಗಳನ್ನು ಶೋಧಿಸುವ ಪಂಡಿತರ ನಿಷ್ಠೆಯಿಂದ ಪಟ್ಟಿ ಮಾಡಿದ್ದಾರೆ. ಹೊಸ ಬೊಂಬೆಯಲ್ಲಿ ದೋಷವಾದದ್ದು ಮೂವತ್ತು ವರ್ಷ ಕಳೆದ ಮೇಲೆ ವೈಶಿಷ್ಟ್ಯವಾಗುತ್ತದೆ. ಬಣ್ಣ ತಪ್ಪಿದ ಸಿಪಾಯಿಗೆ ಬಣ್ಣ ಸರಿಯಿದ್ದವನಿಗಿಂತ ಹೆಚ್ಚು ಬೆಲೆ ಬಂದಾಗ ಗುಣಮಟ್ಟದ ಮಾತನ್ನು ಯಾರೂ ಎತ್ತುವುದಿಲ್ಲ.

ಈಗ ಆ ಮುದ್ರೆ ಮತ್ತೆ ಸ್ಥಳ ಬದಲಿಸುತ್ತಿದೆ. ಲೀಗೋ 2025ರಲ್ಲಿ ವಿಯೆಟ್ನಾಮಿನಲ್ಲಿ ಕಾರ್ಖಾನೆ ತೆರೆದಿದೆ. ನಮ್ಮಲ್ಲಿ ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇಕಡಾ 20ರಿಂದ 60ಕ್ಕೆ, ಮೂರು ವರ್ಷಗಳ ಬಳಿಕ 70ಕ್ಕೆ ಏರಿತು. ಕೊಪ್ಪಳ ಜಿಲ್ಲೆಯ ಭಾನಾಪುರದಲ್ಲಿ 400 ಎಕರೆಯ ಆಟಿಕೆ ತಯಾರಿಕಾ ಸಮುಚ್ಚಯದ ಯೋಜನೆ ಘೋಷಿತವಾಯಿತು. ಅಲ್ಲಿಯೂ ಬೆಳಗಾವಿಯ ಕಡೆಯೂ ಹೊರದೇಶದ ಕಂಪನಿಗಳಿಗಾಗಿ ಗುತ್ತಿಗೆಯ ಮೇಲೆ ಆಟಿಕೆಗಳನ್ನು ಮಾಡುವ ಯಂತ್ರಗಳು ಓಡುತ್ತಿವೆ. ಒಹಾಯೋದಲ್ಲಿಯೋ ಓಸಾಕಾದಲ್ಲಿಯೋ ಒಬ್ಬ ಸಂಗ್ರಾಹಕನು ಪೆಟ್ಟಿಗೆ ಬಿಚ್ಚಿ, ಬೊಂಬೆಯನ್ನು ತಲೆಕೆಳಗು ಮಾಡಿ, ಭಾರತವೆಂಬ ಅಕ್ಷರಗಳನ್ನು ಓದಿ ಮುಖ ಸಿಂಡರಿಸುವ ಕಾಲ ಬರಬಹುದು. ಅವನ ಬೊಂಬೆಯ ಕಣ್ಣು ವಾರೆಯಾಗಿದ್ದರೆ ಕೊಪ್ಪಳದ ಹುಡುಗಿಯನ್ನು ಬಯ್ಯುವುದಕ್ಕೆ ಮೊದಲು ಅವನು ಕೇಳಬೇಕಾದ ಪ್ರಶ್ನೆಗಳಿವೆ: ಅಚ್ಚು ಎಷ್ಟು ಹಳೆಯದು, ಯಾವ ಯಾವ ದೇಶಗಳನ್ನು ಸುತ್ತಿ ಇಲ್ಲಿಗೆ ಬಂತು, ಕಣ್ಣಿಗೆ ಎಷ್ಟು ಒತ್ತುಗಳ ಹಣವನ್ನು ಒಪ್ಪಂದದಲ್ಲಿ ಬರೆದಿದ್ದರು, ಸಾವಿರಕ್ಕೆ ಎಷ್ಟು ವಾರೆಗಣ್ಣುಗಳನ್ನು ಸಾಗಲು ಬಿಡಬಹುದೆಂದು ತಪಾಸಣೆಗಾರನಿಗೆ ಹೇಳಿದ್ದರು. ಇವಕ್ಕೆ ಉತ್ತರವಿರುವುದು ಗುತ್ತಿಗೆಯ ಕಾಗದದಲ್ಲಿ. ಅದು ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಹೆಸರುಳ್ಳ ಕಂಪನಿಯ ಕಪಾಟಿನಲ್ಲಿದೆ.